ಫ್ರೀ ಡಿಶ್‌ನಲ್ಲಿ 500 ಚಾನೆಲ್ ಇದ್ದರೂ ನಮಗೆ ಬೇಕಾದ್ದು ಯಾಕಿಲ್ಲ?

ತಿಂಗಳ ಬಾಡಿಗೆ ಇಲ್ಲ ಎಂಬ ಒಂದೇ ಮಾತಿಗೆ ಮರುಳಾಗಿ ಡಿಡಿ ಫ್ರೀ ಡಿಶ್ ಹಾಕಿಸಿಕೊಂಡವರ ದೂರು ಸುರತ್ಕಲ್‌ನಲ್ಲೂ ಅದೇ, ಕುಂದಾಪುರದಲ್ಲೂ ಅದೇ. ರಿಮೋಟ್ ಒತ್ತುತ್ತ ಹೋದರೆ ಒಂದು ಹಿಂದಿ ಸಿನಿಮಾ, ಇನ್ನೊಂದು ಹಿಂದಿ ಸಿನಿಮಾ, ಭೋಜ್‌ಪುರಿ ಹಾಡು, ಭಜನೆ, ಆರನೇ ತರಗತಿಯ ಗಣಿತ. ಮನೆಯವರು ಕೇಳಿದ ರಾತ್ರಿಯ ಕನ್ನಡ ಧಾರಾವಾಹಿ ಇಲ್ಲ, ತುಳು ನಾಟಕ ಇಲ್ಲ. ಹೋದ ವಾರ ಬರುತ್ತಿದ್ದ ಚಾನೆಲ್ ಕೂಡ ಈ ವಾರ ಕಪ್ಪು. ಅಂಗಡಿಯವರನ್ನು ಕೇಳಿದರೆ ಸಿಗುವ ಉತ್ತರ: "ಒಮ್ಮೆ ಸ್ಕ್ಯಾನ್ ಮಾಡಿ ನೋಡಿ."

ಸ್ಕ್ಯಾನ್ ಮಾಡಿದರೆ, ಅಂದರೆ ಡಬ್ಬಿಯಿಂದ (ಸೆಟ್‌ಟಾಪ್ ಬಾಕ್ಸ್) ಚಾನೆಲ್‌ಗಳನ್ನು ಹೊಸದಾಗಿ ಹುಡುಕಿಸಿದರೆ, ಕೆಲವು ಚಾನೆಲ್ ಬರುತ್ತವೆ ಎನ್ನುವುದು ನಿಜ. ಆದರೆ ಕೆಲವು ನೂರು ಸಲ ಸ್ಕ್ಯಾನ್ ಮಾಡಿದರೂ ಬರುವುದಿಲ್ಲ, ಏಕೆಂದರೆ ಅವು ಆ ಉಪಗ್ರಹದಲ್ಲೇ ಇಲ್ಲ. ಯಾವುದು ನಮ್ಮ ಡಬ್ಬಿಯ ದೋಷ, ಯಾವುದು ವ್ಯವಸ್ಥೆಯೇ ಹಾಗಿರುವುದು ಎಂದು ಗೊತ್ತಾದರೆ ಅರ್ಧ ತಲೆಬಿಸಿ ಅಲ್ಲಿಗೇ ಇಳಿಯುತ್ತದೆ.

ಇದು ಯಾರದ್ದು, ಎಲ್ಲಿಂದ ಬರುತ್ತದೆ

ಫ್ರೀ ಡಿಶ್ ಪ್ರಸಾರ ಭಾರತಿಯದ್ದು, ಅಂದರೆ ದೂರದರ್ಶನ ಮತ್ತು ಆಕಾಶವಾಣಿಯನ್ನು ನಡೆಸುವ ಸಂಸ್ಥೆಯದ್ದು. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ 33 ಚಾನೆಲ್‌ಗಳೊಂದಿಗೆ ಶುರುವಾಯಿತು. ಈಗ ಸಿಗ್ನಲ್ ಬರುತ್ತಿರುವುದು ಜಿಸ್ಯಾಟ್-15 ಎಂಬ ಉಪಗ್ರಹದಿಂದ. 2015ರ ನವೆಂಬರ್‌ನಲ್ಲಿ ಹಾರಿಸಿದ ಈ ಉಪಗ್ರಹ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿದೆ. ಭೂಮಿ ತಿರುಗುವ ವೇಗದಲ್ಲೇ ಅದೂ ತಿರುಗುವುದರಿಂದ ನಮ್ಮ ತಾರಸಿಯಿಂದ ನೋಡಿದರೆ ಆಕಾಶದಲ್ಲಿ ಒಂದೇ ಕಡೆ ನೆಟ್ಟ ಹಾಗೆ ಇರುತ್ತದೆ. ಹಾಗಾಗಿಯೇ ತಟ್ಟೆಯನ್ನು ಒಮ್ಮೆ ಗುರಿಯಿಟ್ಟು ಬಿಗಿದರೆ ಸಾಕು.

ತಟ್ಟೆ, ಡಬ್ಬಿ, ಕೇಬಲ್, ಕೂಲಿ ಎಲ್ಲ ಸೇರಿ ಒಂದು ಸಲಕ್ಕೆ 1,500ರಿಂದ 2,000 ರೂಪಾಯಿ. ಆಮೇಲೆ ರೀಚಾರ್ಜ್ ಇಲ್ಲ, ಕಾರ್ಡ್ ಇಲ್ಲ. "ವರ್ಷದ ರೀಚಾರ್ಜ್ ಮುಗಿದಿದೆ" ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಕಾಗಿಲ್ಲ. ದೇಶದಲ್ಲಿ 2018ರಲ್ಲಿ ಸುಮಾರು 3.3 ಕೋಟಿ ಮನೆಗಳಲ್ಲಿ ಇದ್ದದ್ದು 2024ರ ಹೊತ್ತಿಗೆ 4.9 ಕೋಟಿ ದಾಟಿದೆ ಎಂಬುದು ಸರ್ಕಾರವೇ ಹೇಳುವ ಅಂದಾಜು.

ಜಾತ್ರೆಯ ಅಂಗಡಿ ಏಲಂ

ಕೇಬಲ್‌ನಲ್ಲಿ ದುಡ್ಡು ಕೊಡುವವರು ನಾವು. ಹಾಗಾಗಿ ನಮಗೆ ಬೇಕಾದ ಚಾನೆಲ್ ಇಲ್ಲದಿದ್ದರೆ ಕೇಬಲ್‌ನವರು ಗಿರಾಕಿ ಕಳೆದುಕೊಳ್ಳುತ್ತಾರೆ. ಫ್ರೀ ಡಿಶ್‌ನಲ್ಲಿ ಲೆಕ್ಕ ತಿರುಗುಮುರುಗು. ಇಲ್ಲಿ ಪ್ರಸಾರ ಭಾರತಿಗೆ ದುಡ್ಡು ಕೊಡುವುದು ಚಾನೆಲ್‌ಗಳು. ಗಿರಾಕಿ ಅವರು, ನಾವಲ್ಲ.

ಊರಿನ ಜಾತ್ರೆಯನ್ನು ನೆನೆಸಿಕೊಳ್ಳಿ. ದೇವಸ್ಥಾನದ ಗದ್ದೆಯಲ್ಲಿ ಇಂತಿಷ್ಟೇ ಅಂಗಡಿಗೆ ಜಾಗ. ಆಡಳಿತದವರು ಜಾಗವನ್ನು ಏಲಂ ಹಾಕುತ್ತಾರೆ. ಹೆಚ್ಚು ಕೂಗಿದವನಿಗೆ ಗೋಪುರದ ಎದುರಿನ ಜಾಗ. ಜಾತ್ರೆಗೆ ಬರುವವರಿಂದ ಪ್ರವೇಶಧನ ಇಲ್ಲ, ಆದರೆ ಅಲ್ಲಿ ಚರುಮುರಿ ಸಿಗಬೇಕೋ ಬಳೆ ಸಿಗಬೇಕೋ ಎಂದು ಬಂದವರನ್ನು ಯಾರೂ ಕೇಳುವುದಿಲ್ಲ. ಏಲಂನಲ್ಲಿ ಗೆದ್ದವನು ಏನು ಮಾರುತ್ತಾನೋ ಅದೇ ಸಿಗುವುದು.

ಫ್ರೀ ಡಿಶ್‌ನ ಖಾಸಗಿ ಚಾನೆಲ್‌ಗಳ ಜಾಗವೂ ಹೀಗೇ ಆನ್‌ಲೈನ್ ಏಲಂನಲ್ಲಿ ಹೋಗುತ್ತದೆ. ಒಂದು ಜಾಗಕ್ಕೆ ಸ್ಲಾಟ್ ಎನ್ನುತ್ತಾರೆ. ಸಾಮಾನ್ಯವಾಗಿ ಏಪ್ರಿಲ್ 1ರಿಂದ ಮರುವರ್ಷದ ಮಾರ್ಚ್ 31ರವರೆಗೆ ಅದರ ಅವಧಿ. ಚಾನೆಲ್‌ಗಳನ್ನು ಭಾಷೆ ಮತ್ತು ಬಗೆಯ ಮೇಲೆ ಗುಂಪು ಮಾಡಿ, ಒಂದೊಂದು ಗುಂಪಿಗೆ ಏಲಂ ಶುರುವಾಗುವ ಮೂಲಬೆಲೆ ಇಡುತ್ತಾರೆ. 2019ರ ನೀತಿಯಲ್ಲಿ ವರ್ಷದ ಮೂಲಬೆಲೆ ಹೀಗಿತ್ತು: ಹಿಂದಿ ಮನರಂಜನೆಗೆ 15 ಕೋಟಿ, ಹಿಂದಿ ಸಿನಿಮಾಕ್ಕೆ 12 ಕೋಟಿ, ಸಂಗೀತ, ಕ್ರೀಡೆ, ಭೋಜ್‌ಪುರಿ ಮುಂತಾದವಕ್ಕೆ 10 ಕೋಟಿ, ಸುದ್ದಿಗೆ 7 ಕೋಟಿ, ಉಳಿದವಕ್ಕೆ 6 ಕೋಟಿ. ಆಮೇಲೆ ಪ್ರಾದೇಶಿಕ ಭಾಷೆಗಳಿಗೆಂದು 3 ಕೋಟಿಯ ಇನ್ನೊಂದು ಗುಂಪು ಸೇರಿತು. ಇದು ಶುರುವಿನ ಬೆಲೆ ಮಾತ್ರ. ಏಲಂ ಏರಿದಂತೆ ಕೊಡಬೇಕಾದ್ದೂ ಏರುತ್ತದೆ.

ಇಷ್ಟು ದುಡ್ಡು ಸುರಿದ ಚಾನೆಲ್ ಅದನ್ನು ಹಿಂದೆ ಪಡೆಯುವುದು ಜಾಹೀರಾತಿನಿಂದ. ಜಾಹೀರಾತು ಬರುವುದು ನೋಡುವವರ ತಲೆ ಎಣಿಕೆಯ ಮೇಲೆ. ಫ್ರೀ ಡಿಶ್ ಮನೆಗಳು ಹೆಚ್ಚಿರುವುದು ಉತ್ತರದ ಹಿಂದಿ ರಾಜ್ಯಗಳಲ್ಲಿ. ದಕ್ಷಿಣದಲ್ಲಿ ಮೊದಲಿನಿಂದಲೂ ಕೇಬಲ್ ಗಟ್ಟಿ. ನಮ್ಮ ಕರಾವಳಿಯಲ್ಲಂತೂ ತೆಂಗಿನ ಮರದಿಂದ ಮರಕ್ಕೆ ಕೇಬಲ್ ಎಳೆದು ಮನೆಮನೆಗೆ ಕೊಟ್ಟ ಕಾಲ ಬೇಗನೇ ಬಂದಿತ್ತು. ಹಾಗಾಗಿ ಹಿಂದಿ ಚಾನೆಲ್‌ಗೆ 15 ಕೋಟಿ ಕೊಟ್ಟರೂ ಗಿಟ್ಟುತ್ತದೆ, ಕನ್ನಡ ಚಾನೆಲ್‌ಗೆ 3 ಕೋಟಿ ಕೊಟ್ಟರೂ ಗಿಟ್ಟುತ್ತದೋ ಇಲ್ಲವೋ ಎಂಬ ಅನುಮಾನ. ಪರದೆಯ ಮೇಲೆ ಹಿಂದಿಯೇ ತುಂಬಿರುವುದಕ್ಕೆ ಮುಖ್ಯ ಕಾರಣ ಇದು.

510ರ ಒಳಗೆ ಏನಿದೆ

ಡಬ್ಬಿಯ ರಟ್ಟಿನ ಮೇಲಿನ ದೊಡ್ಡ ಸಂಖ್ಯೆ ಸುಳ್ಳಲ್ಲ. ಆದರೆ ಅದನ್ನು ಬಿಡಿಸಿ ನೋಡಬೇಕು. 2025ರಲ್ಲಿ ಸರ್ಕಾರ ಕೊಟ್ಟ ಲೆಕ್ಕದಲ್ಲಿ ಒಟ್ಟು 510: ಖಾಸಗಿ ಚಾನೆಲ್ 92, ದೂರದರ್ಶನದ್ದು 50, ಶೈಕ್ಷಣಿಕ 320, ರೇಡಿಯೊ 48. ಅಂದರೆ ಹತ್ತರಲ್ಲಿ ಆರಕ್ಕೂ ಹೆಚ್ಚು ಪಾಠದ ಚಾನೆಲ್‌ಗಳು. 2022ರ ಕೇಂದ್ರ ಬಜೆಟ್‌ನಲ್ಲಿ ಪಿಎಂ ಇ-ವಿದ್ಯಾ ಚಾನೆಲ್‌ಗಳನ್ನು 12ರಿಂದ 200ಕ್ಕೆ ಏರಿಸುವುದಾಗಿ ಹೇಳಿದ ಮೇಲೆ ಈ ಸಂಖ್ಯೆ ಹಿಗ್ಗಿತು. ಎಸ್ಸೆಸ್ಸೆಲ್ಸಿ ಓದುವ ಮಕ್ಕಳಿರುವ ಮನೆಗೆ ಇವು ಉಪಯೋಗಕ್ಕೆ ಬರುತ್ತವೆ. ಸಂಜೆ ಕೆಲಸ ಮುಗಿಸಿ ಬಂದು ಟಿವಿ ಹಾಕುವವರಿಗೆ ಇವು ದಾಟಿಕೊಂಡು ಹೋಗಬೇಕಾದ ಸಾಲು ಅಷ್ಟೇ. ರಿಮೋಟ್‌ನ ಫೇವರಿಟ್ ಗುಂಡಿ ಇರುವುದು ಇದಕ್ಕೇ. ಬೇಕಾದ ಹದಿನೈದಿಪ್ಪತ್ತು ಚಾನೆಲ್ ಅದಕ್ಕೆ ಸೇರಿಸಿಟ್ಟರೆ ಉಳಿದದ್ದನ್ನು ಮರೆಯಬಹುದು.

ಕನ್ನಡದ ಪಾಲಿಗೆ ಖಾಯಂ ಆಗಿ ಇರುವುದು ಡಿಡಿ ಚಂದನ. ಅದು ದೂರದರ್ಶನದ್ದೇ ಆದ್ದರಿಂದ ಏಲಂಗೆ ಸಂಬಂಧವಿಲ್ಲ. ಉಳಿದ ಕನ್ನಡ ಚಾನೆಲ್‌ಗಳು ಆಯಾ ವರ್ಷದ ಏಲಂನಲ್ಲಿ ಜಾಗ ಪಡೆದರೆ ಬರುತ್ತವೆ, ಬಿಟ್ಟರೆ ಹೋಗುತ್ತವೆ.

"ಫ್ರೀ" ಎಂದರೆ ಎರಡು ಅರ್ಥ

ಇಲ್ಲೇ ಹೆಚ್ಚು ಜನ ಎಡವುವುದು. "ಆ ನ್ಯೂಸ್ ಚಾನೆಲ್ ಉಚಿತ ಅಂತ ಕೇಬಲ್‌ನವರೇ ಹೇಳುತ್ತಾರೆ. ಮತ್ತೆ ಫ್ರೀ ಡಿಶ್‌ನಲ್ಲಿ ಯಾಕಿಲ್ಲ?"

ಕೇಬಲ್ ಮತ್ತು ಡಿಟಿಎಚ್‌ನಲ್ಲಿ (ಉಪಗ್ರಹದಿಂದ ಸೀದಾ ಮನೆಯ ತಟ್ಟೆಗೆ ಬರುವ ಸೇವೆ) ಚಾನೆಲ್‌ಗಳು ಎರಡು ಬಗೆ. ಪೇ ಚಾನೆಲ್‌ಗೆ ತಿಂಗಳಿಗೆ ಇಷ್ಟು ಎಂಬ ಬೆಲೆ ಇದೆ. ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಉದಯ ಟಿವಿ ಈ ಗುಂಪಿನವು. ಇನ್ನೊಂದು, ಫ್ರೀ ಟು ಏರ್, ಅಂದರೆ ಚಾನೆಲ್‌ಗೆಂದು ಬೇರೆ ಬೆಲೆ ಇಲ್ಲದ್ದು. ಸುದ್ದಿ ಚಾನೆಲ್‌ಗಳಲ್ಲಿ ಹಲವು ಹೀಗಿವೆ. ಆದರೆ ಬೆಲೆ ಇಲ್ಲ ಎಂದ ಮಾತ್ರಕ್ಕೆ ಅದು ಜಿಸ್ಯಾಟ್-15ಕ್ಕೆ ಹತ್ತಿದೆ ಎಂದಲ್ಲ. ಅದರ ಸಿಗ್ನಲ್ ಬೇರೊಂದು ಉಪಗ್ರಹದಲ್ಲಿ, ಸಿ-ಬ್ಯಾಂಡ್ ಎಂಬ ಬೇರೆ ತರಂಗಾಂತರದಲ್ಲಿ ಇರುತ್ತದೆ. ಕೇಬಲ್‌ನವರು ಆರೆಂಟು ಅಡಿಯ ದೊಡ್ಡ ತಟ್ಟೆ ಇಟ್ಟು ಅದನ್ನು ಹಿಡಿದು ನಮಗೆ ಕೊಡುತ್ತಾರೆ. ನಮ್ಮ ಎರಡಡಿಯ ತಟ್ಟೆ ನೋಡುತ್ತಿರುವುದು ಬೇರೆ ದಿಕ್ಕಿಗೆ, ಕೇಳುತ್ತಿರುವುದು ಬೇರೆ ಬ್ಯಾಂಡನ್ನು. ಬಸ್ಸಿಗೆ ಟಿಕೆಟ್ ಇಲ್ಲದಿದ್ದರೇನು, ಆ ಬಸ್ಸು ನಮ್ಮ ರಸ್ತೆಗೇ ಬರುವುದಿಲ್ಲವಲ್ಲ!

ದೊಡ್ಡ ಪೇ ಚಾನೆಲ್‌ಗಳು ಫ್ರೀ ಡಿಶ್‌ಗೆ ಬರದಿರುವುದಕ್ಕೆ ಕಾರಣ ಇನ್ನೂ ಸರಳ. ಕೇಬಲ್ ಮನೆಗಳಿಂದ ತಿಂಗಳು ತಿಂಗಳು ದುಡ್ಡು ಬರುತ್ತಿರುವಾಗ ಅದನ್ನೇ ಪಕ್ಕದ ಮನೆಗೆ ಪುಕ್ಕಟೆ ಕೊಟ್ಟರೆ ದುಡ್ಡು ಕೊಡುವವರು ಎಷ್ಟು ದಿನ ಕೊಟ್ಟಾರು? ಹಾಗಾಗಿ ದೊಡ್ಡ ಸಂಸ್ಥೆಗಳು ಹಳೆಯ ಧಾರಾವಾಹಿಗಳನ್ನು ಮತ್ತೆ ಹಾಕುವ ಎರಡನೇ ದರ್ಜೆಯ ಚಾನೆಲ್‌ಗಳನ್ನಷ್ಟೇ ಇಲ್ಲಿಗೆ ಕಳಿಸುತ್ತವೆ, ಅದೂ ಮುಖ್ಯವಾಗಿ ಹಿಂದಿಯಲ್ಲಿ.

ಸ್ಕ್ಯಾನ್ ಮಾಡಿದಾಗ ಡಾಲರ್ ಗುರುತಿನ ಚಾನೆಲ್ ಹೆಸರುಗಳು ಬಂದು, ಚಿತ್ರ ಮಾತ್ರ ಬಾರದಿದ್ದರೆ ಗಾಬರಿ ಬೇಡ. ಅದೇ 93.5 ಡಿಗ್ರಿಯಿಂದ ಪೇ ಡಿಟಿಎಚ್ ಸಿಗ್ನಲ್ ಕೂಡ ಬರುತ್ತದೆ. ಅದಕ್ಕೆ ಬೀಗ ಹಾಕಿದೆ, ಬೀಗದ ಕೈ ಆ ಸಂಸ್ಥೆಯ ಕಾರ್ಡಿನಲ್ಲಿದೆ. ಸ್ಕ್ಯಾನ್ ಮಾಡುವಾಗ "ಎಫ್‌ಟಿಎ ಮಾತ್ರ" (ಫ್ರೀ ಟು ಏರ್ ಮಾತ್ರ) ಎಂಬುದನ್ನು ಆರಿಸಿದರೆ ಈ ಹೆಸರುಗಳು ಪಟ್ಟಿಗೆ ಬರುವುದೇ ಇಲ್ಲ.

ತುಳು ಯಾಕಿಲ್ಲ

2011ರ ಜನಗಣತಿಯಲ್ಲಿ ತುಳು ಮಾತೃಭಾಷೆ ಎಂದವರು ಸುಮಾರು 18.46 ಲಕ್ಷ. ಅವರಲ್ಲಿ ಫ್ರೀ ಡಿಶ್ ಇರುವ ಮನೆಗಳು ಇನ್ನೂ ಕಡಿಮೆ. ಅಷ್ಟು ಜನರಿಗಾಗಿ ದೇಶಕ್ಕೆಲ್ಲ ಬೀಳುವ ಉಪಗ್ರಹದ ಜಾಗವನ್ನು ಕೋಟಿಗಟ್ಟಲೆ ಕೊಟ್ಟು ಹಿಡಿಯುವುದು ಎಂದರೆ ಮಂಗಳೂರಿನ ಉರ್ವಸ್ಟೋರಿನ ಒಂದು ಅಂಗಡಿಯ ಜಾಹೀರಾತಿಗೆ ದೇಶದ ಎಲ್ಲ ರೈಲುಗಳಿಗೂ ಬಣ್ಣ ಬಳಿಸಿದ ಹಾಗೆ. ತುಳು ನಾಟಕ, ಯಕ್ಷಗಾನ, ಕಂಬಳದ ನೇರಪ್ರಸಾರ ಸ್ಥಳೀಯ ಕೇಬಲ್ ಚಾನೆಲ್ ಮತ್ತು ಯೂಟ್ಯೂಬ್‌ನಲ್ಲಿ ಉಳಿದಿರುವುದಕ್ಕೆ ಇದೇ ಕಾರಣ. ಅಲ್ಲಿ ಖರ್ಚು ಊರಿನ ಅಳತೆಗೆ ತಕ್ಕಂತೆ ಇದೆ. ಕೊಂಕಣಿಗೂ ಬ್ಯಾರಿಗೂ ಇದೇ ಲೆಕ್ಕ.

ನಿನ್ನೆ ಇತ್ತು, ಇವತ್ತು ಇಲ್ಲ

ಏಲಂನ ಅವಧಿ ಮುಗಿದಾಗ, ಇಲ್ಲವೇ ಸಂಸ್ಥೆಗಳು ಲೆಕ್ಕ ಬದಲಿಸಿದಾಗ ಚಾನೆಲ್ ಮಾಯವಾಗುತ್ತದೆ. 2019ರಲ್ಲಿ ಕೇಬಲ್ ಮತ್ತು ಡಿಟಿಎಚ್‌ಗೆ ಹೊಸ ದರ ಪದ್ಧತಿ ಬಂದಾಗ ದೊಡ್ಡ ಟಿವಿ ಸಂಸ್ಥೆಗಳು ಸ್ಟಾರ್ ಉತ್ಸವ್, ಜೀ ಅನ್ಮೋಲ್, ಸೋನಿ ಪಲ್, ರಿಶ್ತೆಯಂಥ ಜನಪ್ರಿಯ ಚಾನೆಲ್‌ಗಳನ್ನು ಫ್ರೀ ಡಿಶ್‌ನಿಂದ ತೆಗೆದವು. 2020ರಲ್ಲಿ ತಿರುಗಿ ತಂದವು. 2022ರ ಏಪ್ರಿಲ್‌ನಲ್ಲಿ ಮತ್ತೆ ತೆಗೆದವು. ಇದರಲ್ಲಿ ನಮ್ಮ ಡಬ್ಬಿಯ ತಪ್ಪೇನೂ ಇರಲಿಲ್ಲ.

ಕೆಲವೊಮ್ಮೆ ಚಾನೆಲ್ ಹೋಗಿರುವುದಿಲ್ಲ, ಮನೆ, ಅಂದರೆ ತರಂಗಾಂತರ, ಬದಲಿಸಿರುತ್ತದೆ, ಅಷ್ಟೇ. ಡಬ್ಬಿಯ ನೆನಪಿನಲ್ಲಿ ಹಳೆಯ ವಿಳಾಸ ಉಳಿದು "ಸಿಗ್ನಲ್ ಇಲ್ಲ" ಎಂದು ತೋರಿಸುತ್ತದೆ. ಹಾಗಾಗಿ ಪ್ರತಿವರ್ಷ ಏಪ್ರಿಲ್ ಮೊದಲ ವಾರ ಒಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಹೊಸದಾಗಿ ಸ್ಕ್ಯಾನ್ ಮಾಡಬೇಕು. ಹಳೆಯ ಪಟ್ಟಿಯ ಮೇಲೇ ಸ್ಕ್ಯಾನ್ ಮಾಡಿದರೆ ಸತ್ತದ್ದೂ ಬದುಕಿದ್ದೂ ಸೇರಿ ಗೊಂದಲ ಇಮ್ಮಡಿಯಾಗುತ್ತದೆ.

ಡಬ್ಬಿಯಿಂದ ಡಬ್ಬಿಗೆ ಮೆನುವಿನ ಹೆಸರು ಬೇರೆಯಾದರೂ ಕ್ರಮ ಒಂದೇ. ಮೆನುವಿಗೆ ಹೋಗಿ ಮೊದಲು ಎಲ್ಲ ಚಾನೆಲ್ ಅಳಿಸಿ. ಪಾಸ್‌ವರ್ಡ್ ಕೇಳಿದರೆ ಬಹಳಷ್ಟು ಡಬ್ಬಿಗಳಲ್ಲಿ 0000. ಆಮೇಲೆ ಇನ್‌ಸ್ಟಲೇಶನ್‌ಗೆ ಬಂದು ಉಪಗ್ರಹದ ಹೆಸರು ಜಿಸ್ಯಾಟ್-15 ಎಂದು ಆರಿಸಿ. ಹಳೆಯ ಡಬ್ಬಿಯಲ್ಲಿ ಇನ್ಸಾಟ್-4ಬಿ ಎಂದಿದ್ದರೂ ಪರವಾಗಿಲ್ಲ, ಅದೂ 93.5 ಡಿಗ್ರಿಯಲ್ಲೇ ಇದ್ದದ್ದು. ಎಲ್‌ಎನ್‌ಬಿ (ತಟ್ಟೆಯ ಎದುರು ಕೋಲಿನ ತುದಿಯಲ್ಲಿರುವ ಮೂತಿ) ಬಗೆ ಯೂನಿವರ್ಸಲ್, ಅದರ ಸಂಖ್ಯೆ 9750 ಮತ್ತು 10600. ಎಲ್‌ಎನ್‌ಬಿ ಪವರ್ ಆನ್. ಒಂದೇ ಎಲ್‌ಎನ್‌ಬಿ ಇರುವ ಮನೆಯಲ್ಲಿ ಡೈಸೆಕ್ ಎಂಬುದು ಆಫ್ ಇರಬೇಕು. ಕೊನೆಗೆ ಬ್ಲೈಂಡ್ ಸ್ಕ್ಯಾನ್ ಕೊಡಿ. ಹತ್ತು ನಿಮಿಷ ಹಿಡಿಯಬಹುದು, ನಡುವೆ ಬೇಸತ್ತು ಎಕ್ಸಿಟ್ ಒತ್ತಬೇಡಿ. ಆಟೋ ಸ್ಕ್ಯಾನ್ ಡಬ್ಬಿಗೆ ಮೊದಲೇ ಗೊತ್ತಿರುವ ವಿಳಾಸಗಳನ್ನಷ್ಟೇ ತಟ್ಟುತ್ತದೆ. ಬ್ಲೈಂಡ್ ಸ್ಕ್ಯಾನ್ ಬೀದಿಯ ಪ್ರತಿ ಬಾಗಿಲನ್ನೂ ತಟ್ಟಿ ನೋಡುತ್ತದೆ. ಹೊಸ ಚಾನೆಲ್ ಸಿಗುವುದು ಎರಡನೆಯದರಲ್ಲಿ.

ಪಕ್ಕದ ಮನೆಯಲ್ಲಿ ಬರುತ್ತದೆ, ನಮ್ಮಲ್ಲಿ ಬರುವುದಿಲ್ಲ

ಇಬ್ಬರ ತಟ್ಟೆಯೂ ಸರಿ, ಆದರೆ ಅವರಿಗೆ ಇನ್ನೂರು ಚಾನೆಲ್ ಹೆಚ್ಚು. ಇದು ಬಹುಮಟ್ಟಿಗೆ ಎಂಪೆಗ್-2 ಮತ್ತು ಎಂಪೆಗ್-4ರ ವ್ಯತ್ಯಾಸ. ಎರಡೂ ಚಿತ್ರವನ್ನು ಒತ್ತಿ ಮಡಚಿ ಕಳಿಸುವ ವಿಧಾನಗಳು. ಅದೇ ಬಟ್ಟೆಯನ್ನು ಎಂಪೆಗ್-4 ಇನ್ನೂ ಬಿಗಿಯಾಗಿ ಮಡಚುತ್ತದೆ, ಹೆಚ್ಚುಕಡಿಮೆ ಅರ್ಧ ಜಾಗ ಸಾಕು. ಹಾಗಾಗಿ ಹೊಸದಾಗಿ ಬಂದ ಚಾನೆಲ್‌ಗಳಲ್ಲಿ ಬಹುಪಾಲು ಆ ವಿಧಾನದಲ್ಲಿವೆ. ಹಳೆಯ ಎಂಪೆಗ್-2 ಡಬ್ಬಿಗೆ ಆ ಮಡಿಕೆ ಬಿಡಿಸಲು ಬರುವುದಿಲ್ಲ. ಚಾನೆಲ್ ಕಾಣುವುದೇ ಇಲ್ಲ, ಇಲ್ಲವೇ ಸ್ವರ ಬಂದು ಪರದೆ ಕಪ್ಪಾಗಿರುತ್ತದೆ. ಹೊಸ ಡಬ್ಬಿಗೆ ಹಳೆಯದೂ ಬರುತ್ತದೆ, ಹೊಸದೂ ಬರುತ್ತದೆ.

ಹಾಗಾದರೆ ಎಲ್ಲವನ್ನೂ ಎಂಪೆಗ್-4ಕ್ಕೆ ಬದಲಿಸಬಾರದೇ? ಬದಲಿಸಿದ ದಿನ ಹಳೆಯ ಡಬ್ಬಿ ಇರುವ ಮನೆಗಳೆಲ್ಲ ಕತ್ತಲು. ಆ ಮನೆಗಳ ಎಣಿಕೆಯ ಮೇಲೇ ಏಲಂನ ಬೆಲೆ ನಿಂತಿದೆ. ಎಂಪೆಗ್-2 ಜಾಗ ಈಗಲೂ ದುಬಾರಿ ಇರುವುದಕ್ಕೆ ಇದೇ ಕಾರಣ.

ಹೊಸ ಡಬ್ಬಿ ಕೊಳ್ಳುವ ಮೊದಲು ಟಿವಿಯ ಹಿಂಭಾಗ ನೋಡಿ. ತಿರುಪಿನ ಸ್ಯಾಟಲೈಟ್ ತೂತು ಇದ್ದು, ಸೆಟ್ಟಿಂಗ್ಸ್‌ನಲ್ಲಿ ಡಿವಿಬಿ-ಎಸ್2 ಎಂದಿದ್ದರೆ ತಟ್ಟೆಯ ಕೇಬಲನ್ನು ಸೀದಾ ಟಿವಿಗೇ ಕೊಡಬಹುದು, ಡಬ್ಬಿಯೇ ಬೇಡ. ಉಪಗ್ರಹ ಟ್ಯೂನರ್ ಒಳಗೇ ಇರುವ ಟಿವಿಗಳಿಗೆ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 18112 ಎಂಬ ಮಾನಕವನ್ನೂ ತಂದಿದೆ.

ತಟ್ಟೆಯ ದಿಕ್ಕು: ಕರಾವಳಿಯ ಲೆಕ್ಕ

ಇನ್ನು ನಮ್ಮ ಕೈಯಲ್ಲೇ ಸರಿಹೋಗುವ ದೋಷಗಳು. ಮಂಗಳೂರಿನಿಂದ ಜಿಸ್ಯಾಟ್-15 ಇರುವುದು ನೇರ ಉತ್ತರದಿಂದ ಪ್ರದಕ್ಷಿಣವಾಗಿ 123 ಡಿಗ್ರಿಯಲ್ಲಿ, ಉಡುಪಿಯಿಂದ 124ರಲ್ಲಿ. ಅಂದರೆ ಆಗ್ನೇಯ, ಸ್ವಲ್ಪ ಪೂರ್ವಕ್ಕೆ ಸರಿದಂತೆ. ಸಮುದ್ರಕ್ಕೆ ಬೆನ್ನು ಹಾಕಿ ನಿಂತು ಬಲಕ್ಕೆ ಲಂಬಕೋನದ ಮೂರನೇ ಒಂದು ಭಾಗ ತಿರುಗಿದರೆ ಸುಮಾರು ಅದೇ ದಿಕ್ಕು. ಎತ್ತರ ನೆಲದಿಂದ 63 ಡಿಗ್ರಿ. ಇದು ಸಾಕಷ್ಟು ಮೇಲೆ. ತಟ್ಟೆ ನೋಡಿದರೆ ಅಷ್ಟು ಮೇಲೆ ಮುಖ ಮಾಡಿದ ಹಾಗೆ ಕಾಣುವುದಿಲ್ಲ, ಏಕೆಂದರೆ ಮನೆಗೆ ಹಾಕುವ ಆಫ್‌ಸೆಟ್ ತಟ್ಟೆ ತನ್ನ ಮುಖಕ್ಕಿಂತ ಸುಮಾರು 25 ಡಿಗ್ರಿ ಮೇಲಕ್ಕೆ ನೋಡುತ್ತದೆ.

63 ಡಿಗ್ರಿಯ ಲಾಭ ಏನೆಂದರೆ ದೂರದ ಮರ ಅಡ್ಡ ಬರುವುದಿಲ್ಲ. ಲೆಕ್ಕ ಸುಲಭ: ತಟ್ಟೆಗಿಂತ ಮೇಲಿರುವ ಮರದ ಎತ್ತರ, ಮರಕ್ಕಿರುವ ದೂರದ ಎರಡು ಪಟ್ಟಿಗಿಂತ ಕಡಿಮೆ ಇದ್ದರೆ ತೊಂದರೆ ಇಲ್ಲ. 15 ಮೀಟರ್ ಎತ್ತರದ ತೆಂಗು 10 ಮೀಟರ್ ಆಚೆ ಇದ್ದರೆ ಸರಿ, 6 ಮೀಟರ್‌ನಲ್ಲಿದ್ದರೆ ಮಡಲು ಅಡ್ಡ. ನಷ್ಟ ಇರುವುದು ತಾರಸಿಗೆ ಶೀಟು ಹೊದಿಸಿದ ಮನೆಗಳಿಗೆ. ಶೀಟಿನ ಕೆಳಗೆ ಅಂಚಿನಲ್ಲಿ ಇಟ್ಟ ತಟ್ಟೆ ಕಣ್ಣಿಗೆ ಬಯಲು ನೋಡುತ್ತಿದ್ದರೂ ಅದರ ನಿಜವಾದ ನೋಟ ತಗಡಿಗೆ ತಾಗಿರುತ್ತದೆ.

ಅಡ್ಡ ಇದೆಯೋ ಇಲ್ಲವೋ ತಿಳಿಯಲು ಯಾವ ಮೀಟರೂ ಬೇಡದ ಉಪಾಯ ಒಂದಿದೆ. ಮಾರ್ಚ್ ನಡುಭಾಗದಲ್ಲಿ ಬೆಳಿಗ್ಗೆ 11 ಗಂಟೆ 10 ನಿಮಿಷದ ಹೊತ್ತಿಗೆ, ಸೆಪ್ಟೆಂಬರ್ ಕೊನೆಯಲ್ಲಿ 11ಕ್ಕೆ ತುಸು ಮೊದಲು, ಸೂರ್ಯ ನಮಗೆ ಹೆಚ್ಚುಕಡಿಮೆ ಉಪಗ್ರಹದ ಜಾಗದಲ್ಲೇ ಕಾಣುತ್ತಾನೆ. ಆ ಹೊತ್ತಿಗೆ ತಟ್ಟೆಯ ಮೇಲೆ ಮರದ್ದೋ ಶೀಟಿನದ್ದೋ ನೆರಳು ಬಿದ್ದರೆ ಸಿಗ್ನಲ್‌ಗೂ ಅದೇ ಅಡ್ಡ. ಆ ಕೆಲವು ದಿನ ಅದೇ ಸಮಯಕ್ಕೆ ಐದಾರು ನಿಮಿಷ ಚಿತ್ರ ಒಡೆದರೆ ಅದು ಸೂರ್ಯನ ಗದ್ದಲ, ತಾನೇ ಸರಿಹೋಗುತ್ತದೆ.

ಇನ್ನು ಎಲ್‌ಎನ್‌ಬಿ, ಅಂದರೆ ಕೋಲಿನ ತುದಿಯ ಆ ಮೂತಿ. ದೆಹಲಿಗಿಂತ ಇಲ್ಲಿ ಅದನ್ನು ಬಹಳ ಹೆಚ್ಚು ಓರೆ ಮಾಡಬೇಕು, ಏಕೆಂದರೆ ನಾವು ಭೂಮಧ್ಯರೇಖೆಗೆ ಹತ್ತಿರ, ಉಪಗ್ರಹ ಪೂರ್ವಕ್ಕೆ ದೂರ. ಓರೆ ಐವತ್ತು ಡಿಗ್ರಿಗೂ ಹೆಚ್ಚು. ತಟ್ಟೆಯ ಎದುರು ನಿಂತು ಅದರ ಮುಖ ನೋಡಿದಾಗ, ಎಲ್‌ಎನ್‌ಬಿಯಿಂದ ಕೇಬಲ್ ಹೊರಡುವ ತುದಿ ಗಡಿಯಾರದ 6 ಗಂಟೆಯ ಬದಲು 8 ಗಂಟೆಯ ಕಡೆಗಿರಬೇಕು. ಸೀದಾ ಕೆಳಕ್ಕೆ ಬಿಟ್ಟರೆ ಬಿಸಿಲಲ್ಲಿ ಹೇಗೋ ನಡೆಯುತ್ತದೆ, ಮೊದಲ ಮೋಡಕ್ಕೇ ಚಿತ್ರ ಹೋಗುತ್ತದೆ.

ಗುರಿ ಇಡುವಾಗ ಡಬ್ಬಿಯ ಪರದೆಯಲ್ಲಿ ಎರಡು ಪಟ್ಟಿ ಕಾಣುತ್ತವೆ: ಸ್ಟ್ರೆಂತ್, ಕ್ವಾಲಿಟಿ. ಸ್ಟ್ರೆಂತ್ ನೋಡಿ ಮೋಸ ಹೋಗಬೇಡಿ. ಕೇಬಲ್ ಸರಿ ಇದ್ದು ಎಲ್‌ಎನ್‌ಬಿಗೆ ಕರೆಂಟ್ ಹೋಗುತ್ತಿದ್ದರೆ ತಟ್ಟೆ ಗೋಡೆ ನೋಡುತ್ತಿದ್ದರೂ ಅದು ಮೇಲೇ ಇರುತ್ತದೆ. ಕ್ವಾಲಿಟಿ ಏರಿದರೆ ಮಾತ್ರ ಉಪಗ್ರಹ ಸಿಕ್ಕಿತು ಎಂದರ್ಥ. ಕೂದಲೆಳೆಯಷ್ಟು ತಿರುಗಿಸಿ, ಎರಡು ಮೂರು ಸೆಕೆಂಡ್ ನಿಲ್ಲಿಸಿ, ಮತ್ತೆ ತಿರುಗಿಸಿ. ಡಬ್ಬಿಗೆ ಅಷ್ಟು ಸಮಯ ಬೇಕು.

ಮಳೆಗಾಲ ಮತ್ತು ಹಸಿರಾದ ತಂತಿ

ಫ್ರೀ ಡಿಶ್ ಬರುವುದು ಕೆಯು-ಬ್ಯಾಂಡ್‌ನಲ್ಲಿ. ಅದರ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು. ದಪ್ಪ ಹನಿಯ ಮಳೆ ಅದನ್ನು ಹೀರಿ ಚದುರಿಸುತ್ತದೆ. ಜೂನ್, ಜುಲೈಯಲ್ಲಿ ಹತ್ತು ನಿಮಿಷ ಚಿತ್ರ ಹೋಗಿ ಬಂದರೆ ಯಾರನ್ನೂ ಕರೆಸಬೇಕಾಗಿಲ್ಲ. ದಿನಕ್ಕೆ ಹತ್ತು ಸಲ ಹೋದರೆ ಗುರಿ ಸರಿಯಿಲ್ಲ, ಇಲ್ಲವೇ ತಟ್ಟೆ ಸಣ್ಣದು. ಅಂಗಡಿಯಲ್ಲಿ ಕೊಡುವುದು 60 ಸೆಂ.ಮೀ. ತಟ್ಟೆ. 75 ಸೆಂ.ಮೀ.ಗೆ ಏರಿದರೆ ಸಿಗ್ನಲ್ ಹಿಡಿಯುವ ವಿಸ್ತೀರ್ಣ ಒಂದೂವರೆ ಪಟ್ಟು, 90 ಆದರೆ ಎರಡೂಕಾಲು ಪಟ್ಟು. ನಮ್ಮ ಮಳೆಗೆ 75 ಹಾಕುವುದು ಜಾಣತನ. 90 ಸೆಂ.ಮೀ. ಹಾಕುವುದಾದರೆ ಗಾಳಿಯ ಹೊಡೆತ ತಡೆಯುವ ಕಂಬವೂ ಬೇಕು. ಮುರಕಲ್ಲಿನ ಗೋಡೆಗೆ ಸಾದಾ ಪ್ಲಗ್ ಹಾಕಿ ಬಿಗಿದದ್ದು ಒಂದೇ ಮಳೆಗಾಲಕ್ಕೆ ಸಡಿಲವಾಗುತ್ತದೆ.

ಆದರೆ ಹೆಚ್ಚಿನ ಮನೆಗಳಲ್ಲಿ ದೋಷ ಇರುವುದು ಐದು ರೂಪಾಯಿಯ ಎಫ್ ಕನೆಕ್ಟರ್‌ನಲ್ಲಿ, ಅಂದರೆ ಕೇಬಲಿನ ತುದಿಗೆ ತಿರುಗಿಸುವ ಲೋಹದ ಕೊಂಡಿಯಲ್ಲಿ. ಎಲ್‌ಎನ್‌ಬಿ ತುದಿಯ ಕನೆಕ್ಟರ್ ಬಿಚ್ಚಿ ನೋಡಿ. ನಡುವಿನ ತಂತಿ ತಾಮ್ರದ ಬಣ್ಣ ಬಿಟ್ಟು ಹಸಿರಾಗಿದ್ದರೆ, ಸುತ್ತಲಿನ ಜಾಲರಿ ಕಪ್ಪಾಗಿ ಪುಡಿ ಉದುರಿದರೆ, ನೀರು ಒಳಗೆ ಹೋಗಿದೆ. ಕಡಲ ಗಾಳಿಯ ಉಪ್ಪು ಸೇರಿದರೆ ಇದಕ್ಕೆ ಒಂದು ವರ್ಷ ಸಾಕು. ಡಬ್ಬಿಯ ಪ್ಲಗ್ ಕಿತ್ತು, ಕೇಬಲಿನ ತುದಿಯನ್ನು ಒಣಗಿದ, ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ. ಕೆಲವೊಮ್ಮೆ ಒಂದಡಿ ಹೋದೀತು. ಆರ್‌ಜಿ-6 ಕೇಬಲಿನ ಹೊರಸಿಪ್ಪೆ ಒಂದೂಕಾಲು ಸೆಂ.ಮೀ. ಬಿಡಿಸಿ, ಜಾಲರಿಯನ್ನು ಹಿಂದಕ್ಕೆ ಮಡಚಿ, ಬಿಳಿ ಪದರ ಅರ್ಧ ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ಉಳಿಸಿ ಕನೆಕ್ಟರ್ ತಿರುಗಿಸಿ. ತಂತಿ ಕನೆಕ್ಟರ್‌ನ ಬಾಯಿಯಿಂದ ಎರಡು ಮೂರು ಮಿ.ಮೀ. ಹೊರಗಿರಲಿ. ಜಾಲರಿಯ ಒಂದೇ ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್. ಆಗ ಡಬ್ಬಿ "ಎಲ್‌ಎನ್‌ಬಿ ಶಾರ್ಟ್" ಎಂದು ಹೇಳಿ ಕರೆಂಟ್ ಕೊಡುವುದನ್ನೇ ನಿಲ್ಲಿಸುತ್ತದೆ.

ಮೇಲಿಂದ ನೀರು ಹೋಗದಂತೆ ರಬ್ಬರ್ ಟೇಪ್ ಎಳೆದು ಸುತ್ತಿ, ಕೆಳಗಿನಿಂದ ಮೇಲಕ್ಕೆ, ಹಂಚು ಹೊದಿಸಿದ ಕ್ರಮದಲ್ಲೇ. ಮೇಲಿನ ಸುತ್ತು ಕೆಳಗಿನದನ್ನು ಮುಚ್ಚಬೇಕು. ಕೇಬಲ್ ಮನೆಯೊಳಗೆ ಬರುವ ಮೊದಲು ಒಂದು ಸಣ್ಣ ಜೋಲು ಬಿಟ್ಟರೆ ಹನಿ ಅಲ್ಲೇ ಉದುರುತ್ತದೆ, ಡಬ್ಬಿಯವರೆಗೆ ಹರಿದು ಬರುವುದಿಲ್ಲ.

ಕ್ರಿಕೆಟ್ ಮಾತ್ರ ಇಲ್ಲಿದೆ, ಕೇಬಲ್‌ನ ಡಿಡಿಯಲ್ಲಿಲ್ಲ

ಒಂದು ವಿಷಯದಲ್ಲಿ ಫ್ರೀ ಡಿಶ್‌ನವರೇ ಮೇಲುಗೈ. 2007ರ ಕಾಯ್ದೆಯೊಂದರ ಪ್ರಕಾರ ರಾಷ್ಟ್ರೀಯ ಮಹತ್ವದ್ದೆಂದು ಗುರುತಿಸಿದ ಪಂದ್ಯಗಳ ನೇರಪ್ರಸಾರವನ್ನು ಹಕ್ಕು ಪಡೆದ ಖಾಸಗಿ ಸಂಸ್ಥೆ ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು. ಭಾರತ ಪುರುಷರ ತಂಡದ ಏಕದಿನ ಮತ್ತು ಟಿ20 ಪಂದ್ಯಗಳು ಇದರಲ್ಲಿ ಬರುತ್ತವೆ. ಆ ಪ್ರಸಾರವನ್ನು ದೂರದರ್ಶನ ತನ್ನ ಸ್ವಂತ ಜಾಲದಲ್ಲಿ ಮಾತ್ರ ತೋರಿಸಬಹುದು, ಖಾಸಗಿ ಕೇಬಲ್ ಮತ್ತು ಡಿಟಿಎಚ್‌ಗೆ ಅದು ಹೋಗಕೂಡದು ಎಂದು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೇಬಲ್‌ನ ಡಿಡಿ ಸ್ಪೋರ್ಟ್ಸ್‌ನಲ್ಲಿ ಬೇರೇನೋ ಬರುತ್ತಿರುವಾಗ ಫ್ರೀ ಡಿಶ್‌ನ ಡಿಡಿ ಸ್ಪೋರ್ಟ್ಸ್‌ನಲ್ಲಿ ಪಂದ್ಯ ಬರುವುದು ಹೀಗೆ. ಐಪಿಎಲ್ ಈ ಪಟ್ಟಿಯಲ್ಲಿಲ್ಲ. ಹಾಗಾಗಿ ಅದನ್ನು ಇಲ್ಲಿ ಹುಡುಕಬೇಡಿ.

ಧಾರಾವಾಹಿ ಬೇಕೇ ಬೇಕು ಎಂದರೆ

ಆಗ ಕೇಬಲ್ ಅಥವಾ ಪೇ ಡಿಟಿಎಚ್ ಬಿಟ್ಟು ದಾರಿಯಿಲ್ಲ. ಆದರೆ ಅಲ್ಲಿ ದೊಡ್ಡ ಪ್ಯಾಕೇ ತೆಗೆದುಕೊಳ್ಳಬೇಕೆಂಬ ಕಟ್ಟು ಇಲ್ಲ. ಬಿಲ್ ಎರಡು ಭಾಗ: ಜಾಲದ ಶುಲ್ಕ ಮತ್ತು ಚಾನೆಲ್‌ಗಳ ಬೆಲೆ. 2019ರಲ್ಲಿ ಜಾಲದ ಶುಲ್ಕಕ್ಕೆ 130 ರೂಪಾಯಿಯ ಮಿತಿ ಇತ್ತು, ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. 2024ರಲ್ಲಿ ಟ್ರಾಯ್ (ಟೆಲಿಕಾಂ ಮತ್ತು ಪ್ರಸಾರದ ನಿಯಂತ್ರಣ ಪ್ರಾಧಿಕಾರ) ಆ ಮಿತಿ ತೆಗೆಯಿತು, ಹಾಗಾಗಿ ಈಗ ಒಬ್ಬೊಬ್ಬರದ್ದು ಒಂದೊಂದು. ಮೊದಲು ಕೇಳಬೇಕಾದ್ದು ಇದನ್ನೇ. ಚಾನೆಲ್‌ಗಳನ್ನು ಬಿಡಿಯಾಗಿ ಕೊಡಬೇಕೆಂಬ ನಿಯಮ ಇದೆ. ಪ್ಯಾಕಿಗೆ ಸೇರಿಸುವ ಯಾವ ಚಾನೆಲ್‌ನ ಬಿಡಿ ಬೆಲೆಯೂ 19 ರೂಪಾಯಿ ಮೀರಬಾರದು ಎಂದು 2022ರ ನವೆಂಬರ್‌ನಲ್ಲಿ ಗೊತ್ತುಮಾಡಲಾಗಿದೆ. ಮನೆಯಲ್ಲಿ ನಿಜಕ್ಕೂ ನೋಡುವುದು ಎರಡೇ ಕನ್ನಡ ಚಾನೆಲ್ ಆದರೆ ಆ ಎರಡನ್ನು ಮಾತ್ರ ಹೇಳಿ ಕೇಳಿ. "ಹಾಗೆ ಬರುವುದಿಲ್ಲ" ಎಂಬ ಉತ್ತರ ಸಿಕ್ಕರೆ ಬಿಡಿ ಚಾನೆಲ್‌ಗಳ ದರಪಟ್ಟಿ ತೋರಿಸಿ ಎನ್ನಿ.

ಫ್ರೀ ಡಿಶ್ ಇರಲಿ. ಟಿವಿಗೆ ಎರಡು ಎಚ್‌ಡಿಎಂಐ ತೂತು ಇದ್ದರೆ ಎರಡೂ ಡಬ್ಬಿ ಒಟ್ಟಿಗೆ ನಿಲ್ಲುತ್ತವೆ: ಪಂದ್ಯ, ಚಂದನ, ಮಕ್ಕಳ ಪಾಠ ಒಂದರಲ್ಲಿ, ಧಾರಾವಾಹಿ ಇನ್ನೊಂದರಲ್ಲಿ. ಒಂದೇ ತೂತು ಇದ್ದರೆ ಹಳೆಯ ಡಬ್ಬಿಯನ್ನು ಕೆಂಪು, ಬಿಳಿ, ಹಳದಿಯ ಎವಿ ತಂತಿಯಲ್ಲಿ ಕೊಡಿ. ಫ್ರೀ ಡಿಶ್‌ನ ಬಹುಪಾಲು ಚಾನೆಲ್‌ಗಳು ಎಸ್‌ಡಿಯಲ್ಲೇ (ಸಾದಾ ಗುಣಮಟ್ಟದ ಚಿತ್ರ) ಇರುವುದರಿಂದ ಕಣ್ಣಿಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಮನೆಯಲ್ಲಿ ಇಂಟರ್‌ನೆಟ್ ಇದ್ದರೆ ಡಿಡಿ ಚಂದನವನ್ನು ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ತಂದ ವೇವ್ಸ್ ಆ್ಯಪ್‌ನಲ್ಲೂ ನೋಡಬಹುದು. ಜೋರು ಮಳೆಗೆ ತಟ್ಟೆ ಕೈಕೊಟ್ಟ ರಾತ್ರಿ ಅದು ಉಪಯೋಗಕ್ಕೆ ಬಂದೀತು, ಕರೆಂಟ್ ಇದ್ದರೆ.